ವಿಶೇಷ ಶಿಕ್ಷಣದ ಹೊಸ ಉಪಾಧ್ಯಾಯರೂ ಮುಚ್ಚಿದ ಬಾಗಿಲೂ

ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರದಲ್ಲಿ ಮಾರಮ್ಮನ ಜಾತ್ರೆಯು ನೆರೆಯುವಾಗ, ಆ ಬಯಲುಸೀಮೆಯ ಹಳ್ಳಿಹಳ್ಳಿಗಳಿಂದಲೂ ಗಡಿಯಾಚೆಯ ಆಂಧ್ರದಿಂದಲೂ ಜನಸ್ತೋಮವು ಹರಿದುಬರುವುದನ್ನು ಈ ಜಿಲ್ಲೆಯಲ್ಲಿ ಅರಿಯದವರಿಲ್ಲ. ಹರಕೆ ಹೊತ್ತು ಬರುವ ಅಷ್ಟು ಜನರಲ್ಲಿ, ವಯಸ್ಸು ಐದಾದರೂ ಮಾತು ಬಾರದ ಕೂಸನ್ನು ಸೊಂಟದ ಮೇಲಿರಿಸಿಕೊಂಡು ಬರುವ ತಾಯಿಯೂ ಒಬ್ಬಳಿರುವಳು. ಅವಳು ದೇವಿಯಲ್ಲಿ ಏನನ್ನು ಬೇಡುವಳೆಂಬುದನ್ನು ಯಾರೂ ಕೇಳಿ ತಿಳಿಯಬೇಕಾದುದಿಲ್ಲ. ಜಾತ್ರೆ ಮುಗಿದು, ಅಂಗಡಿಗಳೆದ್ದು, ಗಾಡಿಗಳೆಲ್ಲ ಹಿಂದಿರುಗಿದ ಮೇಲೆ ಆ ತಾಯಿಯು ಅದೇ ಕೂಸನ್ನು ಎತ್ತಿಕೊಂಡು ತನ್ನೂರಿನ ಪಾಠಶಾಲೆಯ ಬಾಗಿಲಿಗೆ ಬಂದರೆ, ಪಾಠಶಾಲೆಯು ಅವಳಿಗೆ ಕೊಡುವ ಉತ್ತರವೇನು? ಪ್ರಸ್ತುತ ವಿಚಾರಮಾಡತಕ್ಕ ವಿಷಯವು ಇದೇ.

ಕಾಗದದ ಮೇಲೆ ಉತ್ತರವು ಬಹು ಸೊಗಸಾಗಿರುವುದು. 2009ರ ಶಿಕ್ಷಣ ಹಕ್ಕಿನ ಶಾಸನವು ಯಾವ ಮಗುವನ್ನೂ ಹೊರಗೆ ನಿಲ್ಲಿಸಬಾರದೆಂದು ವಿಧಿಸಿತು. 1995ರ ಶಾಸನವು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಶಾಸನವು ಇಪ್ಪತ್ತೊಂದನ್ನು ಹೆಸರಿಸಿ, ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟು ವರ್ಷಗಳವರೆಗೆ ಉಚಿತ ವಿದ್ಯೆಯ ಹಕ್ಕನ್ನು ಕೊಟ್ಟಿತು. 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ತರಗತಿಗಳಲ್ಲಿ ಇಂಥ ಹತ್ತು ಮಕ್ಕಳಿಗೊಬ್ಬರಂತೆಯೂ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೊಬ್ಬರಂತೆಯೂ ವಿಶೇಷ ಉಪಾಧ್ಯಾಯರಿರಬೇಕೆಂದು ತೀರ್ಪಿತ್ತಿತು; 2025ರ ಮಾರ್ಚಿಯಲ್ಲಿ, ಹಾಗೆ ಬೇಕಾದ ಹುದ್ದೆಗಳನ್ನು ಗೊತ್ತುಮಾಡಿ ಪ್ರಕಟಿಸಿರೆಂದು ರಾಜ್ಯಗಳಿಗೆಲ್ಲ ಆಜ್ಞಾಪಿಸಿತು. ಆದಕಾರಣ ಇಂದಲ್ಲದಿದ್ದರೆ ನಾಳೆ, ಹೊಸ ಉಪಾಧ್ಯಾಯರೂ ಉಪಾಧ್ಯಾಯಿನಿಯರೂ ಈ ಕೆಲಸಕ್ಕೆ ಬರತಕ್ಕವರೇ. ಬರಲೆಂದು ಎಲ್ಲರೂ ಕೇಳುತ್ತಿರುವರು. ಬಂದವರ ಗತಿಯೇನೆಂದು ಕೇಳುವವರು ಮಾತ್ರ ವಿರಳ.

ಅವರು ಬಂದ ಮೊದಲನೆಯ ದಿನವನ್ನು ವಾಚಕರು ಊಹಿಸಿ ನೋಡಬೇಕು. ಇಪ್ಪತ್ಮೂರು ಇಪ್ಪತ್ತನಾಲ್ಕು ವಯಸ್ಸಿನ ಹೆಣ್ಣುಮಗಳೊಬ್ಬಳು ಎರಡು ವರ್ಷ ಓದಿ, ಪರೀಕ್ಷೆಯಲ್ಲಿ ತೇರ್ಗಡೆಹೊಂದಿ, ಪುನರ್ವಸತಿ ಪರಿಷತ್ತಿನ ದಫ್ತರದಲ್ಲಿ ಹೆಸರು ಬರೆಯಿಸಿಕೊಂಡು ಬಂದಿರುವಳು. ಅವಳಿಗೊಪ್ಪಿಸಿದ ಮಕ್ಕಳು ಒಂದೇ ಶಾಲೆಯವರಲ್ಲ, ಒಂದೇ ಬಗೆಯವರೂ ಅಲ್ಲ. ಒಬ್ಬನಿಗೆ ಕಿವಿ ಕೇಳಿಸದು. ಒಬ್ಬಳಿಗೆ ಹಲಗೆಯ ಮೇಲಿನ ಅಕ್ಷರ ಕಾಣಿಸದು. ಒಬ್ಬನು ಆಟಿಸಂ ಎಂಬ ಸ್ಥಿತಿಯವನು, ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವನು. ಇನ್ನೊಬ್ಬಳು ಹಾಸಿಗೆ ಬಿಟ್ಟು ಏಳಲಾರಳಾಗಿ ಮನೆಯಲ್ಲಿಯೇ ಪಾಠವನ್ನು ಪಡೆಯತಕ್ಕವಳು. ಸಮನ್ವಯ ಶಿಕ್ಷಣವೆಂಬ ವ್ಯವಸ್ಥೆಯಲ್ಲಿ ಸಂಪನ್ಮೂಲ ಶಿಕ್ಷಕರೆನಿಸಿಕೊಂಡವರು ಇವರೆಲ್ಲರನ್ನೂ ಅರಸಿಕೊಂಡು ಊರಿಂದೂರಿಗೆ ಬಸ್ಸು ಹಿಡಿದು ತಿರುಗಬೇಕು. ಅವಳನ್ನು ಕೊಠಡಿಯೊಳಕ್ಕೆ ಬಿಟ್ಟು ಬಾಗಿಲು ಮುಚ್ಚಿದ ಮೇಲೆ, ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ನೋಡುವ ಕಣ್ಣು ಇನ್ನೊಂದಿಲ್ಲ. ತಪ್ಪಾದರೆ ದೂರು ಹೇಳಬಲ್ಲವನು ಆ ಮಗು. ಅದಕ್ಕೆ ಮಾತು ಬಾರದು.

ಈ ಅನ್ಯಾಯವು ನಡೆದುಬರುವುದಕ್ಕೆ ಮೂರು ತಪ್ಪು ಭಾವನೆಗಳು ಕಾರಣವಾಗಿರುವುವು. ಮೊದಲನೆಯದು ಸಭ್ಯರ ಮನೆಗಳಲ್ಲಿಯೇ ಹೆಚ್ಚಾಗಿ ಕೇಳಿಬರುವುದು: "ಇಂಥ ಮಕ್ಕಳಿಗೆ ಕಲಿಸಲು ತಾಳ್ಮೆಯೂ ಪ್ರೀತಿಯೂ ಇದ್ದರೆ ಸಾಕು" ಎಂಬುದು. ಕೇಳಲು ಇದು ಹೊಗಳಿಕೆಯಂತಿರುವುದು. ಆದರೆ ಇದರಂತೆ ಈ ವೃತ್ತಿಗೆ ಕೇಡು ಮಾಡಿದ ಮಾತು ಬೇರೊಂದಿಲ್ಲ. ಹೆಲೆನ್ ಕೆಲರಳ ಕಥೆಯನ್ನು ಓದದ ವಿದ್ಯಾವಂತರಿಲ್ಲ. ನೀರಿನ ಪಂಪಿನ ಕೆಳಗೆ ಕೈಯೊಡ್ಡಿದ ಆ ಬಾಲೆಗೆ ಮಾತಿನ ಅರ್ಥವು ಮಿಂಚಿದಂತೆ ಹೊಳೆದುದನ್ನು ಪವಾಡವೆಂಬಂತೆ ಹೇಳುವರು. ಪವಾಡದ ಹಿಂದಿನ ಸಂಗತಿಯನ್ನು ಹೇಳುವವರು ಕಡಮೆ. ಆನಿ ಸಲಿವನಳು 1887ನೆಯ ಮಾರ್ಚಿ 3ರಂದು ಅಲಬಾಮಾ ಪ್ರಾಂತದ ಆ ಮನೆಗೆ ಬಂದಾಗ ಅವಳಿಗೆ ಇಪ್ಪತ್ತೇ ವರ್ಷ. ಆದರೆ ಅವಳು ಬರಿಗೈಯಲ್ಲಿ ಬಂದವಳಲ್ಲ. ಕುರುಡಿಯೂ ಕಿವುಡಿಯೂ ಆಗಿದ್ದ ಲಾರಾ ಬ್ರಿಜ್‌ಮನ್ನಳಿಗೆ ಅರ್ಧ ಶತಮಾನದ ಹಿಂದೆ ವಿದ್ಯೆ ಕಲಿಸಿದ ಡಾಕ್ಟರ್ ಹೋವ್ ಮಹಾಶಯನ ವರದಿಗಳನ್ನು ಅವಳು ತಿಂಗಳುಗಟ್ಟಲೆ ಓದಿದ್ದಳು. ಆ ಲಾರಾಳೊಡನೆಯೇ ಪರ್ಕಿನ್ಸ್ ಪಾಠಶಾಲೆಯಲ್ಲಿ ವಾಸಮಾಡಿದ್ದಳು. ಬಂದ ಮೇಲೆಯೂ ತನ್ನ ಸೋಲುಗೆಲವುಗಳನ್ನು ಆ ಪಾಠಶಾಲೆಯ ಹಿರಿಯ ಸ್ನೇಹಿತೆಗೆ ಕಾಗದಗಳಲ್ಲಿ ಬರೆಯುತ್ತಲೇ ಇದ್ದಳು. ಪ್ರತಿಭಾವಂತೆಗೂ ಬೆನ್ನ ಹಿಂದೆ ಒಂದು ಪರಂಪರೆಯ ಆಸರೆ ಬೇಕಾಗಿದ್ದಿತು. ಅಂಥ ಆಸರೆಯಿಲ್ಲದೆ ಗೌರಸಮುದ್ರದ ಸೀಮೆಯ ಹೊಸ ಉಪಾಧ್ಯಾಯಿನಿಯು ತಾಳ್ಮೆಯೊಂದರಿಂದಲೇ ಗೆಲ್ಲಲೆಂದು ಹಾರೈಸುವುದು, ಈಜು ಬಾರದವನನ್ನು ಬಾವಿಗೆ ತಳ್ಳಿ ಧೈರ್ಯವಿದ್ದರೆ ಸಾಕೆಂದ ಹಾಗೆ.

ಎರಡನೆಯ ತಪ್ಪು ಭಾವನೆಯು ಇಲಾಖೆಗಳದು: ತರಬೇತೆಂದರೆ ಸಭೆಯೆಂಬುದು. ಉಪಾಧ್ಯಾಯರನ್ನು ಜಿಲ್ಲಾ ಕೇಂದ್ರಕ್ಕೋ ತಾಲ್ಲೂಕು ಕೇಂದ್ರಕ್ಕೋ ಕರೆಸಿ, ಐದು ದಿನ ಕೂರಿಸಿ, ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ, ಊಟವಿಕ್ಕಿ, ಹಾಜರಿಯನ್ನು ಬರೆದುಕೊಂಡು ಕಳುಹಿಸಿಬಿಟ್ಟರೆ ಕರ್ತವ್ಯವು ಮುಗಿದಂತಾಯಿತು. ಅಲ್ಲಿ ಹೇಳಿದುದೆಲ್ಲವೂ ಸುಳ್ಳೆಂದಲ್ಲ, ಬಹುಮಟ್ಟಿಗೆ ಸತ್ಯವೇ. ಆದರೆ ಕೇಳಿದ್ದು ಕೈಗೆ ಇಳಿಯಬೇಡವೆ? ಅಮೆರಿಕೆಯಲ್ಲಿ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಷವರ್ಸ್ ಎಂಬಿಬ್ಬರು ವಿದ್ವಾಂಸರು ಉಪಾಧ್ಯಾಯರ ತರಬೇತನ್ನು ಕುರಿತ ಅಧ್ಯಯನಗಳನ್ನೆಲ್ಲ ಪರಾಮರ್ಶಿಸಿ 1980ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದರು. ತತ್ತ್ವವನ್ನು ಹೇಳುವುದು, ಮಾಡಿ ತೋರಿಸುವುದು, ಮಾಡಿಸಿ ನೋಡುವುದು, ತಿದ್ದುವುದು — ಈ ನಾಲ್ಕರ ಮೇಲೆ ಐದನೆಯದಾಗಿ, ಉಪಾಧ್ಯಾಯನು ತನ್ನ ತರಗತಿಯಲ್ಲಿ ಅದನ್ನು ಬಳಸುವಾಗ ಒಬ್ಬರು ಜೊತೆಯಲ್ಲಿರುವುದು ಸೇರಬೇಕೆಂದೂ, ಅದು ಸೇರದಿದ್ದರೆ ಕಲಿತದ್ದು ತರಗತಿಯನ್ನು ಮುಟ್ಟುವುದು ದುರ್ಲಭವೆಂದೂ ಅವರ ಅಭಿಪ್ರಾಯ. ಇಲ್ಲಿಯ ಸಭೆಗಳಲ್ಲಿ ಮೊದಲನೆಯದು ಹೇರಳವಾಗಿಯೂ ಎರಡನೆಯದು ಸ್ವಲ್ಪವಾಗಿಯೂ ನಡೆಯುವುದು. ಐದನೆಯದಕ್ಕೆ ಹೆಸರೇ ಇಲ್ಲ.

ಮೂರನೆಯ ತಪ್ಪು ಭಾವನೆಯು ಇನ್ನೂ ಹಳೆಯದು: ನೋಡಲು ಬಂದವನು ತಪ್ಪು ಹುಡುಕಲು ಬಂದವನೆಂಬುದು. ಇನ್ಸ್‌ಪೆಕ್ಟರು ಬರುವರೆಂದರೆ ಗೋಡೆಗೆ ಸುಣ್ಣ, ಮಕ್ಕಳಿಗೆ ಪಾಠದ ಗಿಳಿಮಾತು, ದಫ್ತರಕ್ಕೆ ಹೊಸ ಗೆರೆ — ಇದು ಮೂರು ತಲೆಮಾರುಗಳಿಂದ ಬಂದ ಪದ್ಧತಿ. ಹೊಸ ಉಪಾಧ್ಯಾಯಿನಿಯೂ ಅದನ್ನೇ ಬೇಗ ಕಲಿಯುವಳು. ಮಗುವಿಗೆ ತನ್ನ ಊಟದ ತಟ್ಟೆಯನ್ನು ಗುರುತಿಸುವುದು ಬಂದಿತೆ ಎಂಬುದಕ್ಕಿಂತ, ಆ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ ಹಾಳೆಯು ಭರ್ತಿಯಾಗಿದೆಯೆ ಎಂಬುದು ಅವಳಿಗೆ ಮುಖ್ಯವಾಗುವುದು. ಅದು ಅವಳ ದೋಷವಲ್ಲ. ಯಾವುದನ್ನು ನೋಡುವರೋ ಅದು ಬೆಳೆಯುವುದು. ಹಾಳೆಯನ್ನು ನೋಡಿದರೆ ಹಾಳೆ ಬೆಳೆಯುವುದು.

ಹಾಗಾದರೆ ಪಕ್ಕದಲ್ಲಿ ಕುಳಿತ ಅನುಭವಿಯು ಮಾಡುವುದೇನು? ಇಲ್ಲಿ ಸಾಮಾನ್ಯೋಕ್ತಿಗಳು ಸಾಲವು. ಕಿವಿಗೆ ಯಂತ್ರವನ್ನು ಕಟ್ಟಿಸಿಕೊಂಡ ಹುಡುಗನು ಒಂದು ತಿಂಗಳಿಂದ ಏನನ್ನೂ ಕಲಿಯುತ್ತಿಲ್ಲ. ಉಪಾಧ್ಯಾಯಿನಿಯು ಅವನನ್ನು ಮಂದನೆಂದು ಬರೆದಿರುವಳು. ಅನುಭವಿಯು ಬಂದು ಮೊದಲು ಯಂತ್ರದ ಬ್ಯಾಟರಿಯನ್ನು ತೆಗೆದು ನೋಡುವನು. ಅದು ಸತ್ತು ಎಷ್ಟೋ ದಿನವಾಗಿರುವುದು. ಹೊಸದನ್ನು ಹಾಕಿದ ಮೇಲೆಯೂ ಅವನು ಸುಮ್ಮನಿರನು. ಅವಳು ಹಲಗೆಗೆ ಮುಖಮಾಡಿ ಮಾತಾಡುವಳೆಂಬುದನ್ನೂ, ಹುಡುಗನ ಕಡೆಗೆ ತಿರುಗಿದಾಗ ಹಿಂದಿನ ಕಿಟಕಿಯ ಬೆಳಕಿನಿಂದ ಅವಳ ಮುಖವೆಲ್ಲ ನೆರಳಾಗಿ ತುಟಿಯ ಚಲನೆಯು ಹುಡುಗನಿಗೆ ಕಾಣದೆಂಬುದನ್ನೂ ಅವನು ಹಿಂದಿನ ಬೆಂಚಿನಲ್ಲಿ ಕುಳಿತು ಕಂಡಿರುವನು. ಮೇಜನ್ನು ಎದುರು ಗೋಡೆಗೆ ಸರಿಸಿದರೆ ಸಾಕು, ಅರ್ಧ ಕಷ್ಟ ಕಳೆಯಿತು. ಯಾವ ಸಭೆಯ ಉಪನ್ಯಾಸಕನು ತಾನೇ ಆ ಕಿಟಕಿಯನ್ನು ಕಂಡಿರುವನು?

ಇನ್ನೊಂದು ನಿದರ್ಶನ. ಬೌದ್ಧಿಕ ವೈಕಲ್ಯವುಳ್ಳ ಬಾಲಕಿಗೆ ಕೈ ತೊಳೆಯುವುದನ್ನು ಕಲಿಸಬೇಕು. ಆ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕೆಂದು ಉಪಾಧ್ಯಾಯಿನಿಯು ಓದಿರುವಳು, ಒಡೆದೂ ಇರುವಳು. ಮಗುವಿನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ದಿನವೂ ತೊಳೆಯಿಸುವಳು. ಮೂರು ತಿಂಗಳಾದ ಮೇಲೆ ಬಾಲಕಿಯು ಕಲಿತದ್ದು ಒಂದೇ: ನೀರಿನ ಮುಂದೆ ನಿಂತು ಎರಡು ಕೈಗಳನ್ನೂ ಅಕ್ಕನಿಗೆ ಒಪ್ಪಿಸಿಬಿಡುವುದು. ಹಿಡಿದ ಕೈಯನ್ನು ಬಿಡುವುದಕ್ಕೂ ಒಂದು ಕ್ರಮವುಂಟು. ಈ ವಾರ ಅಂಗೈಯಿಂದ ಮಣಿಕಟ್ಟಿಗೆ, ಮುಂದಿನ ವಾರ ಮಣಿಕಟ್ಟಿನಿಂದ ಮೊಳಕೈಗೆ, ಅನಂತರ ಬರಿಯ ಬೆರಳ ಸನ್ನೆಗೆ, ಕೊನೆಗೆ ಕಣ್ಣೋಟಕ್ಕೆ ಸಹಾಯವು ಇಳಿಯಬೇಕು. ಯಾವ ಕ್ಷಣದಲ್ಲಿ ಇಳಿಸಬೇಕೆಂಬುದನ್ನು ಗ್ರಂಥವು ಹೇಳಲಾರದು. ಮಗುವಿನ ಬೆರಳು ಹೇಳುವುದು. ಆ ಬೆರಳನ್ನು ಓದಬಲ್ಲವರೊಬ್ಬರು ಅಂದು ಅಲ್ಲಿದ್ದು "ಈಗ ಬಿಡಮ್ಮ" ಎಂದರೆ, ಅವಳು ಮುಂದೆಂದಿಗೂ ಅದನ್ನು ಮರೆಯಳು.

ಹಾಗೆಯೇ, ಪ್ರಶ್ನೆ ಕೇಳಿ ಕಾಯುವುದು. ಮೇರಿ ಬಡ್ ರೋ ಎಂಬ ವಿದುಷಿಯು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುವರೆಂದೂ, ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರಗಳು ಉದ್ದವಾಗಿಯೂ ಉತ್ತಮವಾಗಿಯೂ ಆಗುವುವೆಂದೂ ತೋರಿಸಿದಳು. ಸಾಮಾನ್ಯ ಮಕ್ಕಳ ವಿಷಯವೇ ಹೀಗಿರುವಲ್ಲಿ, ಮಾತು ನಿಧಾನವಾಗಿ ಹೊರಡುವ ಮಗುವಿನ ಪಾಡೇನು? ತಾನು ಕಾಯುತ್ತಿಲ್ಲವೆಂಬುದು ಉಪಾಧ್ಯಾಯಿನಿಗೆ ತಿಳಿಯದು. ಕಾದಿರುವೆನೆಂದೇ ಅವಳ ನಂಬಿಕೆ. ಗಡಿಯಾರ ಹಿಡಿದು ಪಕ್ಕದಲ್ಲಿ ಕುಳಿತವರು ಮಾತ್ರ ಅದನ್ನು ಹೇಳಬಲ್ಲರು.

ಈ ಸೀಮೆಗೇ ವಿಶಿಷ್ಟವಾದ ಸಂಗತಿಯೊಂದುಂಟು. ಚಳ್ಳಕೆರೆ ಮೊಳಕಾಲ್ಮೂರುಗಳ ಗಡಿಭಾಗದಲ್ಲಿ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ ಎಂಬ ಸಂಸಾರಗಳು ಹಲವು. ಹಾಡುಹಸೆಗಳಲ್ಲಿಯೂ ಹಟ್ಟಿಯ ಹರಟೆಯಲ್ಲಿಯೂ ಎರಡು ನುಡಿಗಳು ಹಾಲುನೀರಿನಂತೆ ಬೆರೆತಿರುವುವು. ದೂರದ ಜಿಲ್ಲೆಯಿಂದ ಬಂದ ಹೊಸ ಉಪಾಧ್ಯಾಯನು ಚಿತ್ರವನ್ನು ತೋರಿಸಿ "ಇದೇನು?" ಎಂದು ಕೇಳುವನು, ಮಗುವು ಮನೆಯ ನುಡಿಯಲ್ಲಿ "ಕುಕ್ಕ" ಎನ್ನುವುದು, ಉಪಾಧ್ಯಾಯನು ನಾಯಿಯೆಂಬ ಮಾತು ಬಾರದೆಂದು ಗುರುತು ಹಾಕುವನು. ಹೀಗೆ ಎರಡು ನುಡಿಗಳ ನಡುವೆ ಸಿಕ್ಕಿದ ಮಗುವು ಮಂದಮತಿಯ ಪಟ್ಟಿಗೆ ಸೇರುವುದೂ, ನಿಜವಾದ ತೊಡಕುಳ್ಳ ಮಗುವು "ತೆಲುಗಿನವನು, ಮುಂದೆ ಸರಿಹೋಗುವನು" ಎಂಬ ಉದಾಸೀನದಿಂದ ಪಟ್ಟಿಯ ಹೊರಗುಳಿಯುವುದೂ ಎರಡೂ ಸಂಭವಿಸಬಲ್ಲುವು. ಊರನ್ನು ಬಲ್ಲ ಹಿರಿಯರೊಬ್ಬರು ಜೊತೆಯಲ್ಲಿದ್ದು, ತಾಯಿಯನ್ನು ಕರೆದು ನಾಲ್ಕು ಮಾತಾಡಿಸಿದರೆ ಈ ಗೊಂದಲವು ಒಂದೇ ಗಳಿಗೆಯಲ್ಲಿ ತೀರುವುದು.

ಜೊತೆಯಲ್ಲಿದ್ದು ಕಲಿಸುವುದು ಪಾಶ್ಚಾತ್ಯರಿಂದ ಎರವು ತರಬೇಕಾದ ಪದ್ಧತಿಯೆಂದು ಯಾರೂ ಭಾವಿಸಲಾಗದು. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಹೆಸರು ದೇಶದಲ್ಲೆಲ್ಲ ಹರಡಿರುವುದು. ಅಲ್ಲಿಯ ನೇಕಾರನು ಮಗನಿಗೆ ಕಸಬನ್ನು ಕಲಿಸಿದ ಬಗೆ ಯಾವುದು? ಮಗ್ಗದ ಪಕ್ಕದಲ್ಲಿ ಕೂರಿಸಿಕೊಂಡು, ಮೊದಲು ಕಡಿದ ಎಳೆಯನ್ನು ಕಟ್ಟಿಸಿ, ಆಮೇಲೆ ಲಾಳಿಯನ್ನು ಕೊಟ್ಟು, ಹೊಕ್ಕು ಸಡಿಲವಾದಲ್ಲಿ ಅಲ್ಲಿಯೇ ಬಿಚ್ಚಿಸಿ ಮತ್ತೆ ನೇಯಿಸಿ ಕಲಿಸಿದನು. ಐದು ದಿನದ ಉಪನ್ಯಾಸವನ್ನು ಕೇಳಿದ ಹುಡುಗನ ಕೈಗೆ ರೇಷ್ಮೆಯ ಹಾಸನ್ನು ಒಪ್ಪಿಸುವ ನೇಕಾರನು ಮೊಳಕಾಲ್ಮೂರಿನಲ್ಲಿಲ್ಲ. ವೈದ್ಯಪದವಿ ಪಡೆಯುವವನು ಒಂದು ವರ್ಷ ಆಸ್ಪತ್ರೆಯಲ್ಲಿ ಹಿರಿಯರ ಕಣ್ಣೆದುರಿನಲ್ಲಿ ದುಡಿಯಬೇಕೆಂಬ ನಿಯಮವುಂಟು. ಹೊಸ ವಕೀಲನು ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊರುವನು. ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಎರಡನೆಯ ಆವರಣದಲ್ಲಿ, ವಿಜ್ಞಾನದ ಉಪಾಧ್ಯಾಯರನ್ನು ಬರಮಾಡಿಕೊಂಡು ಪ್ರಯೋಗಗಳನ್ನು ಅವರ ಕೈಯಿಂದಲೇ ಮಾಡಿಸಿ ಕಲಿಸುವ ಕೇಂದ್ರವೊಂದನ್ನು ನಡೆಸುತ್ತಿರುವುದು. ಬೆಂಕಿಗೂ ಗಾಜಿಗೂ ಆಮ್ಲಕ್ಕೂ ತೋರಿದ ಈ ಎಚ್ಚರವನ್ನು ಮಾತು ಬಾರದ ಮಗುವಿನ ವಿಷಯದಲ್ಲಿ ತೋರಬಾರದೆ?

ಆಕ್ಷೇಪಣೆಗಳು ಬರುವುವು. ಅಂಥ ಅನುಭವಿಗಳು ಎಲ್ಲಿರುವರು ಎಂದು ಮೊದಲು ಕೇಳುವರು. ಈ ವಿದ್ಯೆಯು ಕನ್ನಡನಾಡಿಗೆ ನಿನ್ನೆ ಬಂದದ್ದಲ್ಲ. ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಪಾಠಶಾಲೆಯು 1901ರಲ್ಲಿಯೇ ಸ್ಥಾಪಿತವಾಯಿತು. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಅದೇ ಊರಿನಲ್ಲಿ 1965ರಿಂದ ಇರುವುದು. ಇಂಥ ಶಾಲೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದು ನಿವೃತ್ತರಾದವರು ಊರೂರುಗಳಲ್ಲಿರುವರು. ಅವರನ್ನು ಹೂಮಾಲೆ ಹಾಕಿ ಮನೆಗೆ ಕಳುಹಿಸಿಬಿಡುವುದು ನಾಡಿನ ಸಂಪತ್ತನ್ನು ಹೂಳಿದಂತೆ. ತಿಂಗಳಿಗೆ ನಾಲ್ಕು ದಿನ ಗೌರವಧನವಿತ್ತು ಕರೆಸಿದರೆ ಬಾರದಿರುವವರು ಕೆಲವರೇ. ದೂರವಾದರೆ, ತಂದೆತಾಯಿಗಳ ಒಪ್ಪಿಗೆ ಪಡೆದು ಹತ್ತು ನಿಮಿಷದ ಪಾಠವನ್ನು ಮೊಬೈಲಿನಲ್ಲಿ ಚಿತ್ರಿಸಿ ಕಳುಹಿಸಿ, ಸಂಜೆ ಕುಳಿತು ಇಬ್ಬರೂ ನೋಡಬಹುದು. ಎದುರಿಗೆ ಇರುವಷ್ಟು ಅದು ಫಲಕಾರಿಯಲ್ಲದಿರಬಹುದು. ಒಂಟಿತನಕ್ಕಿಂತ ಸಾವಿರ ಪಾಲು ಮೇಲು.

ಎರಡನೆಯ ಆಕ್ಷೇಪವು ಉಪಾಧ್ಯಾಯರಿಂದಲೇ ಬರುವುದು: ತರಗತಿಯಲ್ಲಿ ಮತ್ತೊಬ್ಬರು ಕುಳಿತರೆ ಮಕ್ಕಳೆದುರಿಗೆ ಮಾನಹಾನಿಯೆಂದು. ಈ ಅಳುಕಿಗೆ ಕಾರಣವುಂಟು. ಕಾರಣವು ತನಿಖೆಯ ನೆನಪು. ಆದ್ದರಿಂದಲೇ ಜೊತೆಗಿದ್ದು ಕಲಿಸುವವರಿಗೂ ಅಧಿಕಾರಕ್ಕೂ ಸಂಬಂಧವಿರಕೂಡದು. ಅವರು ಗುಪ್ತ ವರದಿಯನ್ನು ಬರೆಯತಕ್ಕವರಲ್ಲ, ಬಡ್ತಿ ವರ್ಗಾವಣೆಗಳಲ್ಲಿ ಬಾಯಿ ಹಾಕತಕ್ಕವರಲ್ಲ. ಮೊದಲ ದಿನ ತಾವೇ ಆ ಮಗುವಿನ ಮುಂದೆ ಕುಳಿತು ಪಾಠ ಮಾಡಿ, ತಾವು ತಪ್ಪುವುದನ್ನು ಉಪಾಧ್ಯಾಯಿನಿಯು ನೋಡಲೆಂದು ಬಿಡತಕ್ಕವರು. ಹಿರಿಯರ ಸೋಲನ್ನು ಒಮ್ಮೆ ಕಂಡ ಕಿರಿಯರಿಗೆ ತಮ್ಮ ಸೋಲನ್ನು ತೋರಿಸಲು ನಾಚಿಕೆಯಾಗದು.

ಮೂರನೆಯ ಆಕ್ಷೇಪವು ಹಣದ್ದು. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್ ಮೊದಲಾದ ಮೂವರು ಸಂಶೋಧಕರು ಇಂಥ ಜೊತೆಗಿನ ತರಬೇತನ್ನು ಕುರಿತ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿದರು. ಅವು ವಿಶೇಷ ಶಿಕ್ಷಣಕ್ಕೆ ಮೀಸಲಾದವಲ್ಲ. ಆದರೂ ಪಾಠ ಹೇಳುವ ಬಗೆಯಲ್ಲಿ ಗಣನೀಯವಾದ ಸುಧಾರಣೆಯೂ ಮಕ್ಕಳ ಕಲಿಕೆಯಲ್ಲಿ ಅದಕ್ಕಿಂತ ಕಡಮೆಯಾದರೂ ನಿಜವಾದ ಸುಧಾರಣೆಯೂ ಕಂಡವು. ಅವರೇ ಮತ್ತೊಂದನ್ನೂ ಮುಚ್ಚಿಡದೆ ಹೇಳಿದರು: ಯೋಜನೆಯು ದೊಡ್ಡದಾದಷ್ಟೂ ಫಲವು ತಗ್ಗುವುದೆಂದು. ಇದು ನಿರಾಶೆಯ ಮಾತಲ್ಲ, ಎಚ್ಚರದ ಮಾತು. ರಾಜ್ಯಕ್ಕೆಲ್ಲ ಒಂದೇ ದಿನ ಸುತ್ತೋಲೆ ಹೊರಡಿಸಿದರೆ ಇದೂ ಇನ್ನೊಂದು ದಫ್ತರವಾಗಿ ಮುಗಿಯುವುದು. ಒಂದು ತಾಲ್ಲೂಕಿನಲ್ಲಿ, ನಾಲ್ಕೈದು ಹೊಸ ಉಪಾಧ್ಯಾಯರಿಗೆ, ಇಬ್ಬರು ಬಲ್ಲವರನ್ನು ಗೊತ್ತುಮಾಡಿ, ಒಂದು ಪೂರ್ಣ ವರ್ಷ ನಡೆಸಿ ನೋಡತಕ್ಕದ್ದು. ಚಿತ್ರದುರ್ಗದ ಜಿಲ್ಲಾ ಶಿಕ್ಷಣ ತರಬೇತು ಸಂಸ್ಥೆಯು ಇದಕ್ಕೆ ನೆಲೆಯಾಗಬಹುದು. ಚಳ್ಳಕೆರೆ ಮೊಳಕಾಲ್ಮೂರುಗಳು ಕ್ಷೇತ್ರವಾಗಬಹುದು. ಐದು ದಿನದ ಸಭೆಯೊಂದಕ್ಕೆ ಆಗುವ ಪ್ರಯಾಣದ ವೆಚ್ಚವನ್ನೂ ಊಟದ ವೆಚ್ಚವನ್ನೂ ಇತ್ತ ತಿರುಗಿಸಿದರೆ ಆರಂಭಕ್ಕೆ ಬೇಕಾದ ಹಣವು ಬಹುಮಟ್ಟಿಗೆ ಅಲ್ಲಿಯೇ ಇರುವುದು.

ಈ ವಿಚಾರದಲ್ಲಿ ವಿದ್ಯಾವಂತರ ಮನೆಗಳವರು ತಮಗೆ ಸಂಬಂಧವಿಲ್ಲವೆಂದು ಕೂರುವಂತಿಲ್ಲ. ಅಂಥ ಮನೆಯಲ್ಲಿ ಇಂಥ ಮಗುವು ಹುಟ್ಟಿದರೆ ಬೆಂಗಳೂರಿಗೋ ಮೈಸೂರಿಗೋ ಕರೆದುಕೊಂಡು ಹೋಗುವ ಶಕ್ತಿಯುಂಟು, ತಿಳಿವಳಿಕೆಯುಂಟು. ಗೌರಸಮುದ್ರದ ಬಯಲಿನಲ್ಲಿ ಶೇಂಗಾ ಬಿತ್ತಿ ಮುಗಿಲು ನೋಡುವವನ ಮಗುವಿಗೆ ಇರುವುದು ಆ ಒಬ್ಬ ಉಪಾಧ್ಯಾಯಿನಿ ಮಾತ್ರ. ಅವಳು ಸೋತರೆ ಆ ಮಗುವಿಗೆ ಇನ್ನೊಂದು ಬಾಗಿಲಿಲ್ಲ. ಶಾಲಾಭಿವೃದ್ಧಿ ಸಮಿತಿಗಳಲ್ಲಿ ಕೂರುವ ಮಹನೀಯರು ವಿಶೇಷ ಉಪಾಧ್ಯಾಯರು ಬಂದರೆ ಎಂದು ಕೇಳಿ ತೃಪ್ತರಾಗದೆ, ಅವರ ಜೊತೆಯಲ್ಲಿ ಕೂರುವವರು ಯಾರು ಎಂದು ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಕೇಳುವವರಿದ್ದಲ್ಲಿ ಉತ್ತರವು ಹುಟ್ಟುವುದು.

ಇದೇ ಚಳ್ಳಕೆರೆ ತಾಲ್ಲೂಕಿನ ತಳಕು ಕನ್ನಡಕ್ಕೆ ವೆಂಕಣ್ಣಯ್ಯನವರನ್ನು ಕೊಟ್ಟಿತು. ಅವರು ಬರೆದ ಗ್ರಂಥಗಳಿಗಿಂತ ಅವರು ತಿದ್ದಿ ಬೆಳೆಯಿಸಿದ ಶಿಷ್ಯರು ದೊಡ್ಡ ಸಂಪತ್ತು. ಆ ಶಿಷ್ಯರಲ್ಲೊಬ್ಬರಾದ ಕುವೆಂಪುರವರು ತಮ್ಮ ಮಹಾಕಾವ್ಯವಾದ ಶ್ರೀರಾಮಾಯಣದರ್ಶನವನ್ನು ಗುರುವಿಗೇ ಅರ್ಪಿಸಿದರು. ಮಹಾಕವಿಗೂ ಗುರುವಿನ ಸನ್ನಿಧಿಯು ಬೇಕಾಗಿದ್ದಿತೆಂದು ಒಪ್ಪಿ ಹೆಮ್ಮೆಪಡುವ ಸೀಮೆಯು, ಮಾತೇ ಬಾರದ ಮಗುವಿನ ಮುಂದೆ ಹೊಸದಾಗಿ ನಿಂತ ಉಪಾಧ್ಯಾಯಿನಿಗೆ ಅದು ಬೇಡವೆಂದು ಹೇಗೆ ಹೇಳೀತು? ಮುಂದಿನ ಜಾತ್ರೆಗೆ ಆ ತಾಯಿಯು ಮತ್ತೆ ಬರುವಳು. ಅಷ್ಟರೊಳಗೆ ಆ ಮಗುವು ನೀರು ಬೇಕೆಂದು ಕೈಸನ್ನೆಯಿಂದಲಾದರೂ ಕೇಳುವಂತಾಗಿದ್ದರೆ, ಅವಳ ಹರಕೆಯ ಅರ್ಧವನ್ನು ಪಾಠಶಾಲೆಯು ತೀರಿಸಿದಂತಾಗುವುದು.